ಸ್ಕೂಟರಿನ ರಚನೆ ಮತ್ತು ಸವಾರನ ಎಚ್ಚರ

ಗೇರ್ ಬದಲಿಸುವ ಗೋಜಿಲ್ಲ, ಕ್ಲಚ್ ಹಿಡಿಯುವ ತಾಪತ್ರಯವಿಲ್ಲ ಎಂಬ ಕಾರಣಕ್ಕೆ ಸ್ಕೂಟರನ್ನು ಎಲ್ಲರೂ ಸುಲಭದ ಗಾಡಿ ಎನ್ನುತ್ತಾರೆ. ಓಡಿಸಲು ಕಲಿಯುವುದು ಸುಲಭವೇನೋ ನಿಜ. ನಿಲ್ಲಿಸುವುದು ಬೇರೆಯದೇ ವಿದ್ಯೆ, ಅದನ್ನು ಕೂರಿಸಿ ಕಲಿಸುವವರು ಅಪರೂಪ. ರಸ್ತೆ ನಿಯಮಗಳ ಪಟ್ಟಿ ಎಲ್ಲೆಡೆ ಸಿಗುತ್ತದೆಯಾದ್ದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಈ ಗಾಡಿಯ ರಚನೆ ಎಂಥದು, ಅದರಿಂದ ಸವಾರನಿಗೆ ಯಾವ ಬಗೆಯ ಎಚ್ಚರ ಬೇಕಾಗುತ್ತದೆ ಎಂಬುದಷ್ಟೇ ನನ್ನ ವಿಷಯ.

ಬಹುಪಾಲು ಸ್ಕೂಟರುಗಳ ಚಕ್ರ 10ರಿಂದ 12 ಇಂಚಿನದು. ಮೋಟಾರ್‌ಸೈಕಲ್ಲಿನದು ಸಾಮಾನ್ಯವಾಗಿ 17 ಅಥವಾ 18 ಇಂಚು. ದೊಡ್ಡ ಚಕ್ರ ದಾಟಿಕೊಂಡು ಹೋಗುವ ಗುಂಡಿಯೊಳಕ್ಕೆ ಚಿಕ್ಕ ಚಕ್ರ ಇಳಿದುಬಿಡುತ್ತದೆ, ಎದುರಿನ ಅಂಚಿಗೆ ಬಡಿಯುತ್ತದೆ, ಆಗ ಹ್ಯಾಂಡಲ್ ಕೈಯಲ್ಲಿ ತಿರುಚಿಕೊಳ್ಳುತ್ತದೆ. ತೊಡೆಗಳ ನಡುವೆ ಅವುಚಿಕೊಳ್ಳಲು ಟ್ಯಾಂಕ್ ಕೂಡ ಇಲ್ಲದಿರುವುದರಿಂದ ಸವಾರನಿಗೆ ಸೀಟು ಮತ್ತು ಹ್ಯಾಂಡಲ್ ಬಿಟ್ಟರೆ ಬೇರೆ ಆಧಾರವಿಲ್ಲ. ಆದ್ದರಿಂದ ವೇಗ ತಗ್ಗಿಸುವ ಕೆಲಸ ಗುಂಡಿಗೆ ಮೊದಲೇ ಮುಗಿಯಬೇಕು. ಗುಂಡಿಯ ಮೇಲೆಯೇ ಬ್ರೇಕ್ ಹಿಡಿದರೆ ಆಗಲೇ ಕುಗ್ಗಿರುವ ಮುಂದಿನ ಶಾಕ್ ಅಬ್ಸಾರ್ಬರಿಗೆ ಏಟು ತಡೆಯುವ ಅವಕಾಶ ಉಳಿದಿರುವುದಿಲ್ಲ. ಕಣ್ಣು ಹೋದ ಕಡೆಗೇ ಗಾಡಿಯೂ ಹೋಗುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು: ಗುಂಡಿಯನ್ನೇ ದಿಟ್ಟಿಸುತ್ತಾ ಹೋದವರು ಅದರಲ್ಲೇ ಇಳಿಯುತ್ತಾರೆ, ಪಕ್ಕದ ದಾರಿಯನ್ನು ನೋಡಿದವರು ದಾಟಿಕೊಳ್ಳುತ್ತಾರೆ.

ಈಗ ಬ್ರೇಕಿನ ವಿಚಾರ. ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿಯಾಗುತ್ತದೆ ಎಂಬ ಭಯ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ವರ್ಷಾನುಗಟ್ಟಲೆ ಹಿಂದಿನ ಬ್ರೇಕನ್ನೇ ನಂಬಿ ಓಡಿಸುವವರಿದ್ದಾರೆ. ಇಂಜಿನ್ ಹಿಂದಿರುವುದರಿಂದ ನಿಂತ ಸ್ಕೂಟರಿನ ಭಾರ ಹಿಂದಿನ ಚಕ್ರದ ಮೇಲೆಯೇ ಹೆಚ್ಚು. ಆದರೆ ಬ್ರೇಕ್ ಹಿಡಿದ ಕೂಡಲೇ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗಿ ಹಿಡಿತ ಕಳೆದುಕೊಳ್ಳುತ್ತದೆ, ಜೋರಾಗಿ ಅದುಮಿದರೆ ತಿರುಗುವುದನ್ನೇ ನಿಲ್ಲಿಸಿ ಪಕ್ಕಕ್ಕೆ ಜಾರುತ್ತದೆ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ನಿಲ್ಲಿಸುವಾಗ ಹೆಚ್ಚಿನ ಕೆಲಸ ಮಾಡುವುದು ಮುಂದಿನ ಚಕ್ರವೇ. ಹಾಗೆಂದು ಅದನ್ನು ಗಬಕ್ಕನೆ ಹಿಡಿಯಬಾರದು. ಮೊದಲು ಎರಡೂ ಲಿವರುಗಳನ್ನು ಮೆಲ್ಲಗೆ ಒತ್ತಬೇಕು, ಗಾಡಿಯ ಮೂತಿ ತಗ್ಗಿದ್ದು ಕೈಗೆ ತಿಳಿದ ಮೇಲೆ ಮುಂದಿನದರ ಒತ್ತಡ ಹೆಚ್ಚಿಸುತ್ತಾ ಹೋಗಬೇಕು, ಅಷ್ಟು ಹೊತ್ತೂ ಹ್ಯಾಂಡಲ್ ನೇರವಾಗಿರಬೇಕು. ಗಾಬರಿಯಲ್ಲಿ ಬಲಗೈ ಬ್ರೇಕಿನ ಜೊತೆಗೆ ಆಕ್ಸಿಲರೇಟರನ್ನೂ ತಿರುಚಿಬಿಡುವುದು ಸ್ಕೂಟರಿನಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು; ಎರಡೂ ಒಂದೇ ಕೈಯಲ್ಲಿರುವುದೇ ಇದಕ್ಕೆ ಕಾರಣ. ಖಾಲಿ ಮೈದಾನದಲ್ಲಿ, ಕಡಿಮೆ ವೇಗದಲ್ಲಿ, ಬೇಸರವಾಗುವಷ್ಟು ಅಭ್ಯಾಸ ಮಾಡದೆ ಇದು ಕೈಗೆ ಹತ್ತುವುದಿಲ್ಲ.

ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಅಪಾಯ ಕಂಡು, ಅರ್ಥವಾಗಿ, ಬೆರಳು ಲಿವರಿಗೆ ತಲುಪುವಷ್ಟರಲ್ಲಿ ಒಂದು ಸೆಕೆಂಡು ಸಲೀಸಾಗಿ ಕಳೆಯುತ್ತದೆ, ಅಷ್ಟು ದೂರ ಗಾಡಿ ಬ್ರೇಕೇ ಇಲ್ಲದೆ ಓಡಿರುತ್ತದೆ. ವೇಗ ಎರಡು ಪಟ್ಟಾದರೆ ಆಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಮುಂದಿನ ವಾಹನದ ಬಾಲ ಹಿಡಿದು ಹೋಗುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡುವುದು ಒಳ್ಳೆಯದು. ಮಳೆಯ ಮೊದಲ ಹನಿಗಳಿಗೆ ರಸ್ತೆಯ ಎಣ್ಣೆ ತೇಲಿದಾಗ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ, ಬಳಿದ ಬಿಳಿ ಪಟ್ಟೆಗಳ ಮೇಲೆ ಹಿಡಿತ ಇನ್ನೂ ಕಡಿಮೆ.

1981ರಲ್ಲಿ ಪ್ರಕಟವಾದ, ಹ್ಯಾರಿ ಹರ್ಟ್ ನೇತೃತ್ವದ ಅಮೆರಿಕದ ಅಧ್ಯಯನವೊಂದು ಮೋಟಾರ್‌ಸೈಕಲ್ಲುಗಳ 900 ಅಪಘಾತಗಳನ್ನು ನಡೆದ ಜಾಗದಲ್ಲೇ ಪರಿಶೀಲಿಸಿತ್ತು. ಬೇರೆ ವಾಹನವೂ ಸೇರಿದ್ದ ಅಪಘಾತಗಳಲ್ಲಿ ಮೂರನೇ ಎರಡರಷ್ಟು ಸಲ, ಸವಾರನಿಗೆ ಮೊದಲು ಹೋಗುವ ಹಕ್ಕಿದ್ದ ದಾರಿಗೆ ಆ ವಾಹನದ ಚಾಲಕ ಅಡ್ಡ ಬಂದಿದ್ದ. ಇಂಥ ಕಡೆ ಹಾರ್ನ್ ಹೊಡೆದು ನುಗ್ಗುವುದಕ್ಕಿಂತ, ತಿರುಗಲು ನಿಂತ ಕಾರಿನ ಮುಂದಿನ ಚಕ್ರವನ್ನು ಗಮನಿಸುವುದು ಲೇಸು. ಚಾಲಕನ ಮುಖ ನಮ್ಮತ್ತ ಇದ್ದರೂ ಅವನು ನಮ್ಮನ್ನು ನೋಡಿದ್ದಾನೆ ಎನ್ನಲಾಗದು, ಚಕ್ರ ಅಲುಗಿದರೆ ಮಾತ್ರ ಕಾರು ಹೊರಟಿತೆಂದು ಖಚಿತ. ಲಾರಿ, ಬಸ್ಸುಗಳ ಪಕ್ಕದಲ್ಲಿ ಅವುಗಳ ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣದಿದ್ದರೆ ನಾವೂ ಅವನಿಗೆ ಕಾಣುತ್ತಿಲ್ಲ.

ಫುಟ್‌ಬೋರ್ಡಿನ ಮೇಲೆ ಚೀಲ ಪೇರಿಸಿ ಕಾಲುಗಳನ್ನು ಹೊರಚಾಚಿ ಓಡಿಸುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಿಂಬದಿ ಸವಾರರು ಕೂತಾಗ ನಿಲ್ಲುವ ದೂರವೂ ಹೆಚ್ಚುತ್ತದೆ, ಟೈರಿಗೆ ಬೇಕಾದ ಗಾಳಿಯೂ ಬದಲಾಗುತ್ತದೆ.

ಹೆಲ್ಮೆಟ್ಟಿನ ಅಧ್ಯಯನದ ಕತೆ ಶುರುವಾದದ್ದು ಒಂದು ಸಾವಿನಿಂದ ಎನ್ನಬಹುದು. ಹಿಂದೆ ಬ್ರಿಟಿಷ್ ಸೇನಾಧಿಕಾರಿಯಾಗಿದ್ದ ಟಿ. ಇ. ಲಾರೆನ್ಸ್ 1935ರಲ್ಲಿ ಮೋಟಾರ್‌ಸೈಕಲ್ಲಿನಿಂದ ಬಿದ್ದು, ತಲೆಗಾದ ಪೆಟ್ಟಿನಿಂದ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್, ಸವಾರರ ತಲೆಗೆ ಬೀಳುವ ಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಹೆಲ್ಮೆಟ್ಟಿನ ಪರವಾಗಿ ಲೇಖನ ಪ್ರಕಟಿಸಿದರು. ಹೊರಗಿನ ಗಟ್ಟಿ ಚಿಪ್ಪಿಗಿಂತ ಒಳಗಿರುವ ಥರ್ಮೊಕೋಲಿನಂಥ ಪದರ ಮುಖ್ಯ. ಅದು ತಾನು ನುಗ್ಗಾಗಿ ಏಟನ್ನು ಹೀರಿಕೊಳ್ಳುತ್ತದೆ, ಒಮ್ಮೆ ನುಗ್ಗಾದರೆ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಅದನ್ನು ಬದಲಿಸಬೇಕು. ಕೊಳ್ಳುವಾಗ ಪಟ್ಟಿಯನ್ನು ಗದ್ದದಡಿ ಬಿಗಿದು, ಹಿಂಭಾಗದ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿ ನೋಡಿ. ಅದು ತಲೆಯಿಂದ ಕಳಚಿ ಬಂದರೆ ಒಂದು ಅಳತೆ ಚಿಕ್ಕದನ್ನು ಕೇಳಿ.