ಬಂದು ಸೇರಿದ್ದಾನೆ ಎಂಬ ಸಂದೇಶ

ಶಿವಮೊಗ್ಗದಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ತಂಗಿಯ ಮಗಳ ಪಾಲಿಗೆ ಕೊರಿಯಾ ಎಂದರೆ ಹಿಮ ಬೀಳುವ ಬೀದಿ, ಉದ್ದ ಕೋಟಿನ ನಾಯಕ ಮತ್ತು ಹದಿನಾರನೆಯ ಕಂತಿಗೆ ಸರಿಯಾಗಿ ಒಂದಾಗುವ ಪ್ರೇಮಿಗಳು. ಭಾನುವಾರದ ವಿಡಿಯೊ ಕರೆಯಲ್ಲಿ ಅವಳು ನನ್ನ ಕ್ಷೇಮಕ್ಕಿಂತ ಮೊದಲು ವಿಚಾರಿಸುವುದು ಹೊಸ ಧಾರಾವಾಹಿಗಳನ್ನು. ಸುವೊನ್ ನಗರದಲ್ಲಿ ಏಳು ವರ್ಷದಿಂದ ಇರುವವನಿಗೆ ಅದೆಲ್ಲ ಗೊತ್ತಿರಲೇಬೇಕೆಂಬುದು ಅವಳ ನಂಬಿಕೆ. ಕಳೆದ ತಿಂಗಳು ಅವಳೇ ‘ಎಕ್ಸ್‌ಟ್ರಾಕರಿಕ್ಯುಲರ್’ ಎಂಬ ಹೆಸರೆತ್ತಿ, “ಮಾಮ, ಕಾಲೇಜಲ್ಲಿ ಎಲ್ಲಾರೂ ಇದನ್ನೇ ಹೇಳ್ತಿದಾರೆ, ನೋಡ್ಲಾ?” ಎಂದು ಕೇಳಿದಳು. ನಾನು ಹಿಂದೆಮುಂದೆ ನೋಡದೆ “ಬೇಡಮ್ಮ” ಎಂದುಬಿಟ್ಟೆ. ಯಾಕೆ ಬೇಡ ಎಂದದ್ದಕ್ಕೆ, ಅದು ಹದಿನೆಂಟು ತುಂಬಿದವರಿಗೆ ಮಾತ್ರ ಎಂದೆ. ಇದು ಉತ್ತರವಲ್ಲ, ನುಣುಚಿಕೊಳ್ಳುವ ದಾರಿ ಎಂಬುದು ಅವಳಿಗೂ ತಿಳಿದಿತ್ತು.

2020ರ ಏಪ್ರಿಲ್ 29ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ಹತ್ತು ಕಂತುಗಳ ಈ ಸರಣಿಯ ಕೊರಿಯನ್ ಹೆಸರು ‘ಇಂಗಾನ್ ಸುಒಪ್’. ‘ಮನುಷ್ಯ ಪಾಠ’ ಎಂದು ಕನ್ನಡಿಸಬಹುದು. ಜಿನ್ ಹಾನ್-ಸೆ ಬರೆದು, ಕಿಮ್ ಜಿನ್-ಮಿನ್ ನಿರ್ದೇಶಿಸಿದ ಕಥೆಯ ಕೇಂದ್ರದಲ್ಲಿರುವವನು ಓ ಜಿ-ಸು ಎಂಬ ಹೈಸ್ಕೂಲು ವಿದ್ಯಾರ್ಥಿ. ತರಗತಿಯಲ್ಲಿ ಅವನು ಇದ್ದಾನೋ ಇಲ್ಲವೋ ಎಂಬುದೇ ಬೇರೆಯವರ ಗಮನಕ್ಕೆ ಬಾರದು. ಒಳ್ಳೆಯ ಅಂಕ, ತಗ್ಗಿದ ತಲೆ, ಮೇಷ್ಟರಿಗೆ ಕಿರಿಕಿರಿ ಕೊಡದ ಹುಡುಗ. ಅಪ್ಪ ಅಮ್ಮ ಇಬ್ಬರೂ ಅವನನ್ನು ಬಿಟ್ಟು ಹೋಗಿರುವುದರಿಂದ ಅವನು ಒಬ್ಬನೇ ಒಂದು ಕೋಣೆಯಲ್ಲಿ ವಾಸಿಸುತ್ತಾನೆ. ಕಾಲೇಜು ಸೇರಿ, ಪದವಿ ಪಡೆದು, ಎಲ್ಲರಂತೆ ಒಂದು ನೌಕರಿ ಹಿಡಿಯುವವರೆಗೆ ಎಷ್ಟು ಹಣ ಬೇಕು ಎಂಬ ಲೆಕ್ಕವನ್ನು ಅವನು ಹಾಕಿಟ್ಟಿದ್ದಾನೆ. ಆ ಹಣಕ್ಕಾಗಿ ಅವನು ಮಾಡುವ ಕೆಲಸವೆಂದರೆ, ಮೈ ಮಾರುವ ಹೆಣ್ಣುಮಕ್ಕಳಿಗೆ ಗಿರಾಕಿಗಳಿಂದ ರಕ್ಷಣೆ ಒದಗಿಸುವ ಗುಪ್ತ ವ್ಯವಹಾರವನ್ನು ಮೊಬೈಲಿನಲ್ಲೇ ಕುಳಿತು ನಡೆಸುವುದು. ಅಪಾಯ ಬಂದಲ್ಲಿಗೆ ಓಡಿಹೋಗಲು ಲೀ ವಾಂಗ್-ಚೊಲ್ ಎಂಬ ವಯಸ್ಸಾದ ಕಟ್ಟಾಳು ಇದ್ದಾನೆ. ತನಗೆ ಆದೇಶ ಕೊಡುತ್ತಿರುವವನು ಶಾಲೆಯ ಹುಡುಗ ಎಂಬುದು ಅವನಿಗೂ ತಿಳಿಯದು. ಆ ಹೆಣ್ಣುಮಕ್ಕಳಲ್ಲಿ ಒಬ್ಬಳು ಸೊ ಮಿನ್-ಹಿ, ಜಿ-ಸುವಿನ ಶಾಲೆಯವಳೇ. ಈ ಗುಟ್ಟನ್ನು ಬೆ ಗ್ಯು-ರಿ ಎಂಬ ಸಿರಿವಂತರ ಮನೆಯ ಹುಡುಗಿ ಪತ್ತೆ ಮಾಡಿ, ಅವನನ್ನು ಹಿಡಿದುಕೊಡುವ ಬದಲು ವ್ಯವಹಾರದಲ್ಲಿ ಪಾಲು ಕೇಳುತ್ತಾಳೆ. ಅಲ್ಲಿಂದ ಮುಂದಿನದು ಇಳಿಜಾರು.

ಜಿ-ಸು ತನ್ನ ದನಿಯನ್ನು ಯಂತ್ರದಿಂದ ಬದಲಿಸಿ ಮಾತನಾಡುತ್ತಾನೆ, ಮತ್ತು ಆ ಹೆಣ್ಣುಮಕ್ಕಳು ಅವನನ್ನು ‘ಸಂಚೊನ್’ ಎಂದು ಕರೆಯುತ್ತಾರೆ. ಇಂಗ್ಲಿಷ್ ಅಡಿಬರಹದಲ್ಲಿ ಅದು ‘ಅಂಕಲ್’ ಆಗಿ ಸಪ್ಪೆಯಾಗುತ್ತದೆ. ಕೊರಿಯನ್ನರಲ್ಲಿ ಸಂಚೊನ್ ಎಂದರೆ ಚಿಕ್ಕಪ್ಪ. ಅದಕ್ಕೆ ಒಂದು ಅಕ್ಷರ ಮುಂದೆ ಸೇರಿಸಿದರೆ ಸೋದರಮಾವ. ಕಷ್ಟ ಬಂದಾಗ ಮಕ್ಕಳು ಅಪ್ಪನಿಗೆ ಹೆದರಿ ಯಾರ ಹತ್ತಿರ ಹೋಗುತ್ತಾರೋ ಅಂಥವನನ್ನು ಕರೆಯುವ ಪದ ಅದು. ಮನೆಯಲ್ಲಿ ನಿಜವಾದ ಸಂಚೊನ್ ಇಲ್ಲದ ಮಕ್ಕಳಿಗೆ ಮೊಬೈಲಿನೊಳಗೆ ಒಬ್ಬ ಸಂಚೊನ್ ಸಿಕ್ಕಿದ್ದಾನೆ, ಅವನೂ ಅವರಷ್ಟೇ ವಯಸ್ಸಿನ ಅನಾಥ. ‘ಮಾಮ’ ಎಂದು ಕರೆಸಿಕೊಳ್ಳುವ ನನಗೆ ಈ ಒಂದು ಪದ ಇಡೀ ಸರಣಿಯ ಹೊಡೆದಾಟಗಳಿಗಿಂತ ಹೆಚ್ಚು ಇರಿಯಿತು.

ಸರಣಿ ಬಂದ ಕಾಲವನ್ನೂ ಹೇಳಬೇಕು. 2020ರ ಮಾರ್ಚಿನಲ್ಲಿ ‘ಎನ್‌ನೇ ಕೋಣೆ’ ಪ್ರಕರಣ ಕೊರಿಯಾವನ್ನು ಅಲುಗಾಡಿಸಿತ್ತು. ಟೆಲಿಗ್ರಾಮಿನ ಗುಪ್ತ ಕೋಣೆಗಳಲ್ಲಿ ಎಳೆಯ ಹುಡುಗಿಯರನ್ನು ಬೆದರಿಸಿ ತೆಗೆಸಿದ ಚಿತ್ರಗಳ ಮಾರಾಟ ನಡೆದಿತ್ತು. ಮುಖ್ಯ ಆರೋಪಿಯ ಗುರುತನ್ನು ಬಹಿರಂಗಪಡಿಸಬೇಕೆಂದು ಅಧ್ಯಕ್ಷರ ಕಚೇರಿಗೆ ಸಲ್ಲಿಸಿದ ಮನವಿಗೆ 20 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಕೊರೊನಾದಿಂದ ಶಾಲೆಗಳು ಆನ್‌ಲೈನ್ ಆಗಿ, ಮಕ್ಕಳೆಲ್ಲ ದಿನವಿಡೀ ಪರದೆಯ ಮುಂದೆ ಕುಳಿತಿದ್ದ ದಿನಗಳವು. ಕಥೆ ಮೊದಲೇ ಬರೆದಿಟ್ಟದ್ದಾದರೂ ನೋಡಿದವರಿಗೆ ನಿನ್ನೆಯ ಸುದ್ದಿಯನ್ನೇ ನಟಿಸಿ ತೋರಿಸಿದಂತೆ ಕಂಡಿತು.

ಮಿನ್-ಹಿ ಪೊಲೀಸರ ಬಳಿ ಬಾಯಿ ಬಿಡದಿರುವುದು ನೋಡುವವರಿಗೆ ಮೊಂಡುತನವಾಗಿ ಕಾಣಬಹುದು. ಅವಳಿಗೆ ಬಾಯಿ ಕಟ್ಟಿದ್ದ ಕಾರಣ ಆಗಿನ ಕಾನೂನಿನಲ್ಲೇ ಇತ್ತು. ಲೈಂಗಿಕ ವ್ಯಾಪಾರದಲ್ಲಿ ಸಿಕ್ಕ ಅಪ್ರಾಪ್ತ ವಯಸ್ಕರಲ್ಲಿ ಬಲವಂತಕ್ಕೆ ಒಳಗಾದವರನ್ನು ಮಾತ್ರ ಸಂತ್ರಸ್ತರೆಂದು ಗಣಿಸಿ, ಉಳಿದವರನ್ನು ಬೇರೆಯೇ ವರ್ಗಕ್ಕೆ ಸೇರಿಸಿ ಬಾಲ ನ್ಯಾಯಾಲಯದ ಕ್ರಮಕ್ಕೆ ಒಳಪಡಿಸಲು ಅವಕಾಶವಿತ್ತು. ಹಾಗಾಗಿ ‘ದೂರು ಕೊಟ್ಟರೆ ನೀನೂ ಸಿಕ್ಕಿಬೀಳುತ್ತೀಯ’ ಎಂಬುದು ದಂಧೆಯವರ ಕೈಯಲ್ಲಿದ್ದ ಅತ್ಯಂತ ಅಗ್ಗದ ಬೆದರಿಕೆಯಾಗಿತ್ತು. ಆ ವಿಂಗಡಣೆಯನ್ನು ತೆಗೆದು ಅಂಥ ಮಕ್ಕಳೆಲ್ಲರನ್ನೂ ಸಂತ್ರಸ್ತರೆಂದೇ ಪರಿಗಣಿಸುವ ತಿದ್ದುಪಡಿ 2020ರಲ್ಲೇ ಬಂತು. ಸಮ್ಮತಿಯ ವಯಸ್ಸು 13ರಿಂದ 16ಕ್ಕೆ ಏರಿದ್ದೂ ಅದೇ ವರ್ಷ.

ನಾವಿರುವುದು ಸುವೊನ್‌ನ ಯೊಂಗ್‌ತೊಂಗ್ ಭಾಗದಲ್ಲಿ. ಸಿಯೋಲಿನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ದೂರ. ಸ್ಯಾಮ್‌ಸಂಗ್ ಕಂಪನಿಯ ದೊಡ್ಡ ಆವರಣ ಇಲ್ಲಿರುವುದರಿಂದ ಎಂಜಿನಿಯರುಗಳ ಸಂಸಾರಗಳು ಹೆಚ್ಚು. ಅವರ ಮಕ್ಕಳಿಗಾಗಿ ‘ಹಾಗ್ವೊನ್’ ಎಂಬ ಟ್ಯೂಷನ್ ಕೇಂದ್ರಗಳೂ ಹೆಚ್ಚು. ಒಂದೊಂದು ಕಟ್ಟಡದ ಮೈಮೇಲೆ ಕೆಳಗಿನಿಂದ ತುದಿಯವರೆಗೆ ಗಣಿತ, ಇಂಗ್ಲಿಷ್, ವಿಜ್ಞಾನ ಎಂಬ ಫಲಕಗಳು. ಇಲ್ಲಿ ಹಾಗ್ವೊನ್‌ಗಳು ರಾತ್ರಿ 10ಕ್ಕೆ ಬಾಗಿಲು ಮುಚ್ಚಬೇಕೆಂಬ ನಿಯಮವಿದೆ. ಹತ್ತು ಹೊಡೆದ ಕೂಡಲೇ ಕಟ್ಟಡಗಳೆಲ್ಲ ಒಮ್ಮೆಲೇ ಮಕ್ಕಳನ್ನು ಬೀದಿಗೆ ಸುರಿಯುತ್ತವೆ, ಹಳದಿ ಬಸ್ಸುಗಳು ಸಾಲುಗಟ್ಟುತ್ತವೆ, ಅಂಗಡಿಯ ಗಾಜಿನ ಗೋಡೆಗೆ ಮುಖ ಮಾಡಿ ನಿಂತ ಹುಡುಗರು ಕಪ್‌ನಲ್ಲಿರುವ ರಾಮ್ಯೊನ್ ನೂಡಲ್ಸನ್ನು ಆರುವ ಮುಂಚೆಯೇ ನುಂಗುತ್ತಾರೆ. ಸುವೊನ್ ಕೌಟುಂಬಿಕ ನ್ಯಾಯಾಲಯವೂ ಯೊಂಗ್‌ತೊಂಗ್‌ನಲ್ಲೇ ಇದೆ. ತಪ್ಪು ಮಾಡಿದ ಎಳೆಯರ ಪ್ರಕರಣಗಳು ಹೋಗುವುದು ಕೌಟುಂಬಿಕ ನ್ಯಾಯಾಲಯಗಳಿಗೇ. ಹಾಗ್ವೊನ್ ಬೀದಿಯೂ ಆ ನ್ಯಾಯಾಲಯವೂ ಒಂದೇ ಬಡಾವಣೆಯಲ್ಲಿರುವುದು ಕೇವಲ ಕಾಕತಾಳೀಯ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗಲೂ ಕಾಕತಾಳೀಯವೇ, ಆದರೆ ದಾರಿಯಲ್ಲಿ ಹೋಗುವಾಗ ತಲೆ ತಾನಾಗಿ ಆ ಕಡೆ ತಿರುಗುತ್ತದೆ.

ಅದಕ್ಕೆ ಕಾರಣ ನನ್ನ ಮಗ. ಇಲ್ಲಿನ ಮಿಡಲ್ ಸ್ಕೂಲಿನ ಎರಡನೆಯ ವರ್ಷದಲ್ಲಿರುವ ಅವನನ್ನು ನಾವೂ ಊರಿನವರಂತೆ ಗಣಿತದ ಹಾಗ್ವೊನ್‌ಗೆ ಸೇರಿಸಿದ್ದೆವು. ಒಳಗೆ ಹೋಗುವಾಗ ಬಾಗಿಲ ಬಳಿಯ ಪುಟ್ಟ ಪರದೆಯಲ್ಲಿ ಮಗು ತನ್ನ ನಾಲ್ಕು ಅಂಕಿಗಳನ್ನು ಒತ್ತಿದರೆ ಸಾಕು, ‘ವಿದ್ಯಾರ್ಥಿ ಬಂದು ಸೇರಿದ್ದಾನೆ’ ಎಂಬ ಸಂದೇಶ ಆ ಕ್ಷಣವೇ ತಂದೆತಾಯಿಗೆ ತಲುಪುತ್ತದೆ. ಬುಧವಾರ ಸಂಜೆ ಆರರ ಸುಮಾರಿಗೆ, ಮೀಟಿಂಗಿನ ನಡುವೆ, ಮೇಜಿನ ಮೇಲೆ ಫೋನು ಗುರ್ ಎನ್ನುತ್ತಿತ್ತು. ಬೆರಳಿನಿಂದ ಅದನ್ನು ಪಕ್ಕಕ್ಕೆ ಸರಿಸಿ ನಾನು ಸಮಾಧಾನದಿಂದ ಕೆಲಸ ಮುಂದುವರಿಸುತ್ತಿದ್ದೆ. ಒಂದು ಬುಧವಾರ ಆರೂವರೆಯಾದರೂ ಗುರ್ ಎನ್ನಲಿಲ್ಲ. ಹಾಗ್ವೊನ್‌ಗೆ ಫೋನು ಮಾಡಿ, ನನ್ನ ಮುರುಕು ಕೊರಿಯನ್ನಿನಲ್ಲಿ ಕೇಳಿದರೆ, ಹಿಂದಿನ ಮೂರು ಬುಧವಾರವೂ ಅವನು ತರಗತಿಯಲ್ಲಿ ಇರಲಿಲ್ಲವಂತೆ. ಸಂದೇಶ ಬಂದಿತ್ತು, ಮಗ ಹೋಗಿರಲಿಲ್ಲ. ಅವನ ನಾಲ್ಕು ಅಂಕಿಗಳನ್ನು ಗೆಳೆಯನೊಬ್ಬ ಒತ್ತುತ್ತಿದ್ದ. ಆ ದಿನ ಗೆಳೆಯನಿಗೆ ಜ್ವರ.

ಮಗನಿಗೆ ಫೋನು ಮಾಡಿದಾಗ ಹಿನ್ನೆಲೆಯಲ್ಲಿ ನಿಲ್ದಾಣದ ಘೋಷಣೆ ಕೇಳಿಸಿತು.

“ಎಲ್ಲಿದ್ದೀಯೋ?”

“ಟ್ರೈನಲ್ಲಿ, ಅಪ್ಪ.”

“ಎಲ್ಲಿಗೆ ಹೊರಟಿದ್ದೀಯ?”

“ಎಲ್ಲಿಗೂ ಇಲ್ಲ.”

ತಿಂಗಳ ಪರೀಕ್ಷೆಯಲ್ಲಿ ಅಂಕ ಇಳಿದು ಅವನನ್ನು ಕೆಳಗಿನ ಗುಂಪಿಗೆ ಹಾಕಿದ್ದರು. ಅದನ್ನು ಮನೆಯಲ್ಲಿ ಹೇಳಲಾರದೆ, ಆ ಗುಂಪಿನಲ್ಲಿ ಕೂರಲೂ ಆರದೆ, ಅವನು ಮೆಟ್ರೊ ಹತ್ತಿ ಸುವೊನ್ ನಿಲ್ದಾಣದವರೆಗೆ ಹೋಗಿ, ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದು, ತರಗತಿ ಬಿಡುವ ಹೊತ್ತಿಗೆ ವಾಪಸು ಬರುತ್ತಿದ್ದ. ಅವನ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪ್ರಯಾಣದ ಕಾರ್ಡಿನಲ್ಲಿ ಉಳಿದ ಹಣ, ಹೋಗಿಬರುವ ಖರ್ಚು, ಇನ್ನೆಷ್ಟು ಬುಧವಾರಗಳಿಗೆ ಸಾಲುತ್ತದೆ ಎಂಬುದನ್ನೆಲ್ಲ ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದ. ಲೆಕ್ಕ ಒಂದೂ ತಪ್ಪಿರಲಿಲ್ಲ. ಅವನು ಮನೆಗೆ ಬಂದಾಗ ನಾನು ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಬಾಯಿಗೆ ಬರುವ ಮೊದಲೇ ನನ್ನ ಹೆಂಡತಿ “ಹಸಿವಾಗಿದ್ಯಾ?” ಎಂದು ಕೇಳಿ ತಟ್ಟೆ ಹಾಕಿದಳು. ಅವನು ಮೂರು ಸಲ ಅನ್ನ ಹಾಕಿಸಿಕೊಂಡ.

ಈ ಸರಣಿಯನ್ನು ನಾನು ನೋಡಿದ್ದು ಆ ಘಟನೆ ಕಳೆದ ಮೇಲೆ. ನನ್ನ ಮಗ ಮಾಡಿದ್ದು ಅಪರಾಧವಲ್ಲ. ಜಿ-ಸುವಿನ ಕೃತ್ಯಕ್ಕೆ ಅದನ್ನು ಹೋಲಿಸುವುದು ಅತಿಯಾದೀತು. ಆದರೂ ಅವನು ಹಣ ಎಣಿಸುವ ದೃಶ್ಯದಲ್ಲಿ ನನಗೆ ಆ ಪೆನ್ಸಿಲಿನ ಪುಟವೇ ಕಂಡಿತು. ಅಲ್ಲಿ ಆ ಹಣವನ್ನು ಕದ್ದೊಯ್ಯುವವನು ಎಷ್ಟೋ ಕಾಲದ ಮೇಲೆ ಮನೆಗೆ ಬಂದ ಅಪ್ಪನೇ. ಶಾಲೆಯಲ್ಲಿ ಮೇಷ್ಟರು ಕೆಟ್ಟವರಲ್ಲ, ನಿಜವಾದ ಕಾಳಜಿಯುಳ್ಳವರು. ಅವರು ನಡೆಸುವ ಸಾಮಾಜಿಕ ಸಮಸ್ಯೆಗಳ ಅಧ್ಯಯನ ಕೂಟದಲ್ಲಿರುವುದು ಜಿ-ಸು ಮತ್ತು ಗ್ಯು-ರಿ. ಊರಿನ ದೊಡ್ಡ ಸಮಸ್ಯೆಯೇ ಎದುರಿನ ಕುರ್ಚಿಯಲ್ಲಿ ಕುಳಿತಿರುವಾಗ ಅವರು ಹಾಜರಿ ಹಾಕಿ ಸಮಾಧಾನ ಪಡುತ್ತಾರೆ. ನನಗೆ ಬಂದ ಸಂದೇಶಗಳಂತೆ. ಗ್ಯು-ರಿಯ ಅಪ್ಪ ಅಮ್ಮ ಮನೆಯಲ್ಲೇ ಇದ್ದಾರೆ, ಮನರಂಜನಾ ಕಂಪನಿ ನಡೆಸುತ್ತಾರೆ, ಮಗಳ ನಾಳೆಯನ್ನು ಅವರೇ ಬರೆದಿಟ್ಟಿದ್ದಾರೆ. ಅವಳಿಗೆ ಹಣದ ಅಗತ್ಯವಿರುವುದು ಆ ಮನೆಯಿಂದ ತಪ್ಪಿಸಿಕೊಳ್ಳಲು. ಸರಣಿಯ ಕೊನೆಯ ಕಂತುಗಳಲ್ಲಿ ರಕ್ತ ಹೆಚ್ಚಾಯಿತು, ಕಾಕತಾಳೀಯಗಳೂ ಹೆಚ್ಚಾದವು ಎಂಬುದು ನನ್ನ ತಕರಾರು. ಮೊದಲ ಕಂತುಗಳ ಮೌನವೇ ಹೆಚ್ಚು ಭಯಾನಕ. ಜಿ-ಸು ಒಂದು ಪುಟ್ಟ ಏಡಿಯನ್ನು ಸಾಕಿಕೊಂಡಿದ್ದಾನೆ, ಬೇರೆ ಜೀವಿ ಬಿಟ್ಟುಹೋದ ಚಿಪ್ಪಿನೊಳಗೆ ಹೊಕ್ಕು ಬದುಕುವ ಜಾತಿಯದು. ಅವನ ಕೋಣೆಯಲ್ಲಿ ಅವನಲ್ಲದೆ ಉಸಿರಾಡುವುದು ಅದೊಂದೇ.

ಇಲ್ಲಿನ ಸಹೋದ್ಯೋಗಿಗಳೊಡನೆ ಇಂಥ ಕಥೆಗಳ ಮಾತೆತ್ತಿದರೆ ಚರ್ಚೆ ಬೇಗನೆ ಶಿಕ್ಷೆಯ ಕಡೆಗೆ ಹೊರಳುತ್ತದೆ. ಕೊರಿಯಾದಲ್ಲಿ 14 ತುಂಬದ ಮಕ್ಕಳಿಗೆ ಕ್ರಿಮಿನಲ್ ಶಿಕ್ಷೆಯಿಲ್ಲ. 10ರಿಂದ 14ರೊಳಗಿನವರಿಗೆ ‘ರಕ್ಷಣಾ ಕ್ರಮ’ಗಳು ಮಾತ್ರ. ಅವುಗಳಿಗೆ 1ರಿಂದ 10ರವರೆಗೆ ಸಂಖ್ಯೆಗಳಿವೆ: ಒಂದನೆಯದು ಪೋಷಕರ ಸುಪರ್ದಿಗೆ ಒಪ್ಪಿಸುವುದು, ಹತ್ತನೆಯದು ಎರಡು ವರ್ಷದವರೆಗೆ ಬಾಲಾಪರಾಧಿಗಳ ಸುಧಾರಣಾ ಗೃಹದ ವಾಸ. 2022ರ ಫೆಬ್ರುವರಿಯಲ್ಲಿ ಬಂದ, ಕಿಮ್ ಹೆ-ಸು ನ್ಯಾಯಾಧೀಶೆಯಾಗಿ ನಟಿಸಿದ ‘ಜುವೆನೈಲ್ ಜಸ್ಟೀಸ್’ ಸರಣಿ ಇದನ್ನೇ ಚರ್ಚಿಸಿತು. ಅದೇ ವರ್ಷ ಕಾನೂನು ಸಚಿವಾಲಯ ಆ ವಯಸ್ಸನ್ನು 13ಕ್ಕೆ ಇಳಿಸುವ ಪ್ರಸ್ತಾವ ಮುಂದಿಟ್ಟಿತು. ನಮ್ಮಲ್ಲಿ 2012ರ ದೆಹಲಿ ಪ್ರಕರಣದ ನಂತರ, 16ರಿಂದ 18ರೊಳಗಿನವರನ್ನು ಘೋರ ಅಪರಾಧಗಳಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು 2015ರ ಕಾಯ್ದೆ ದಾರಿ ಮಾಡಿದ್ದು ನೆನಪಾಗುತ್ತದೆ. ನನಗೆ ಮನಸ್ಸಿನಲ್ಲಿ ನಿಂತಿರುವುದು ಆ ಒಂದನೆಯ ಕ್ರಮ. ಪೋಷಕರೇ ಜೊತೆಗಿಲ್ಲದ ಜಿ-ಸುವಿನಂಥವನನ್ನು ಯಾರಿಗೆ ಒಪ್ಪಿಸುವುದು?

ಮಗನನ್ನು ಆ ಹಾಗ್ವೊನ್‌ನಿಂದ ಬಿಡಿಸಲಿಲ್ಲ, ಅವನೇ ಬೇಡವೆಂದ. ಕೆಳಗಿನ ಗುಂಪಿನಲ್ಲೇ ಇದ್ದಾನೆ. ಬುಧವಾರಗಳಂದು ನಾನು ಕೆಲಸ ಬೇಗ ಮುಗಿಸಿ, ಅವನು ಹೊರಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತೇನೆ. ನನ್ನನ್ನು ಗೆಳೆಯರು ನೋಡುವುದು ಅವನಿಗೆ ನಾಚಿಕೆಯಾದ್ದರಿಂದ ಅಂಗಡಿಯ ಆಚೆ ಬದಿಯಲ್ಲಿ ನಿಲ್ಲಬೇಕೆಂಬ ಕರಾರಿದೆ.

ಹೋದ ಭಾನುವಾರ ತಂಗಿಯ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳ ಪರೀಕ್ಷೆ ಮುಗಿಯುವಷ್ಟರಲ್ಲಿ ಅವಳಿಗೆ ಹದಿನೆಂಟು ತುಂಬಿರುತ್ತದೆ. ಯುಗಾದಿಗೆ ನಾನು ಊರಿಗೆ ಬಂದಾಗ ಅವಳ ಅಮ್ಮನನ್ನೂ ಕೂರಿಸಿಕೊಂಡು ಮೊದಲ ಎರಡು ಕಂತು ಒಟ್ಟಿಗೆ ನೋಡೋಣ ಎಂದೆ.

“ಅಮ್ಮನ ಜೊತೆಗಾ?” ಎಂದಳು ಅವಳು. “ಹೋಗ್ಲಿ ಬಿಡಿ ಮಾಮ, ಬೇರೆ ಏನಾದ್ರೂ ಹೇಳಿ.”