ಬೀಚ್ ಬಿಟ್ಟು ಬಿಚೋಲಿಂಗೆ ಬನ್ನಿ

ಊರಿಂದ ಗೋವಾಕ್ಕೆ ಬರುವ ನೆಂಟರೆಲ್ಲ ಕೇಳುವುದು ಒಂದೇ, ಯಾವ ಬೀಚು ಚೆನ್ನಾಗಿದೆ ಅಂತ. ಕಲಂಗುಟ್, ಬಾಗಾ, ಓಲ್ಡ್ ಗೋವಾದ ಚರ್ಚು, ಒಂದಿಷ್ಟು ಗೋಡಂಬಿ ಖರೀದಿ, ವಾಪಸ್ ಬಸ್ಸು. ಪಣಜಿಯಲ್ಲಿ ನೆಲೆಸಿದ ಮೇಲೆ ನಾನು ಮಾತ್ರ ಸೈಕಲ್ ತುಳಿಯುವ ಕಸುವಿದ್ದವರು ಸಿಕ್ಕರೆ ಬಿಚೋಲಿಂ ಕಡೆ ಎಳೆದುಕೊಂಡು ಹೋಗುತ್ತೇನೆ. ಅದು ಕಬ್ಬಿಣದ ಅದಿರಿನ ಸೀಮೆ. ಗೋವಾದ ಅನ್ನ ಬರೀ ಸಮುದ್ರದಿಂದ ಬಂದದ್ದಲ್ಲ ಅನ್ನುವುದು ಅಲ್ಲಿ ಹೋದರೇ ಗೊತ್ತಾಗುವುದು.

ಊರೊಳಗಿನ ರಸ್ತೆಗಳೇ ನನ್ನ ದಾರಿ. ಓಲ್ಡ್ ಗೋವಾದಲ್ಲಿ ಫೆರಿಗೆ ಸೈಕಲ್ ಹತ್ತಿಸಿದರೆ ದಿವಾರ್ ದ್ವೀಪ, ಅದನ್ನು ದಾಟಿ ಇನ್ನೊಂದು ಫೆರಿ ಹಿಡಿದರೆ ನಾರ್ವೆ ಅನ್ನುವ ಊರು. ಕೆಳಗೆ ಹರಿಯುವ ಮಾಂಡೋವಿ ಬೇರೆ ಯಾರೂ ಅಲ್ಲ, ಖಾನಾಪುರದ ಕಾಡಲ್ಲಿ ಹುಟ್ಟಿ ಟಿವಿಯಲ್ಲಿ ವರ್ಷವಿಡೀ ಜಗಳಕ್ಕೆ ಕಾರಣವಾಗುವ ನಮ್ಮ ಮಹದಾಯಿ. ನಾರ್ವೆಯಲ್ಲಿ ಸಪ್ತಕೋಟೇಶ್ವರನ ಗುಡಿ ಇದೆ, ಕನ್ನಡದವರು ತಪ್ಪಿಸಬಾರದು. ಗೋವೆಯ ಕದಂಬರ ಕುಲದೇವರು ಅವನು. ಹಳೆಯ ಗುಡಿ ದಿವಾರ್‌ನಲ್ಲಿತ್ತು, ಪೋರ್ಚುಗೀಸರು ಕೆಡವಿದ ಮೇಲೆ ದೇವರು ಹೊಳೆ ದಾಟಿ ಈಚೆ ಬಂದ. ಈಗಿರುವ ಗುಡಿಯ ಜೀರ್ಣೋದ್ಧಾರ ಮಾಡಿಸಿದ್ದು ಶಿವಾಜಿ, 1668ರಲ್ಲಿ. ಇಲ್ಲಿನ ಸರ್ಕಾರಿ ಬಸ್ಸುಗಳ ಮೈಮೇಲೂ ಕದಂಬ ಅಂತಲೇ ಬರೆದಿರುತ್ತದೆ, ನೋಡಿರುತ್ತೀರಿ.

ಮಯೆಂ ಕೆರೆ ದಾಟಿದ ಮೇಲೆ ಗುಡ್ಡಗಳ ಆಕಾರವೇ ವಿಚಿತ್ರ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ನೆತ್ತಿಯಲ್ಲಿ ಚಪ್ಪಟೆ. ಅವು ಗುಡ್ಡಗಳಲ್ಲ, ಡಂಪುಗಳು. ಒಂದು ಟನ್ ಅದಿರಿಗೆ ಎರಡು ಮೂರು ಟನ್ ಮಣ್ಣು ಕಲ್ಲು ಎತ್ತಿ ಹಾಕಬೇಕಾಗುತ್ತದೆ, ಅದೆಲ್ಲ ಎಲ್ಲಾದರೂ ಬೀಳಲೇಬೇಕಲ್ವಾ? ಕೆಲವು ಡಂಪುಗಳ ಮೇಲೆ ಗೇರು ನೆಟ್ಟಿದ್ದಾರೆ, ಜಾಸ್ತಿ ಕಡೆ ನಮ್ಮ ಮಲೆನಾಡಿನವರು ಬೈಯುವ ಅದೇ ಅಕೇಶಿಯಾ. ರಸ್ತೆ ಬದಿಯ ಎಲೆಯೊಂದನ್ನು ಬೆರಳಲ್ಲಿ ಒರೆಸಿದರೆ ಕುಂಕುಮದ ಹಾಗೆ ಕೆಂಪು ಪುಡಿ ಅಂಟುತ್ತದೆ. ಸೈಕಲ್ ಚೈನಿನ ಎಣ್ಣೆಗೆ ಅದೇ ಪುಡಿ ಕೂಡಿ ಗಟ್ಟಿ ರಾಡಿಯಾಗಿ, ಗೇರ್ ಬದಲಿಸಿದಾಗಲೆಲ್ಲ ಕರಕರ ಅನ್ನುತ್ತದೆ.

ಡಂಪಿನ ಹಿಂದೆ ಗುಂಡಿ, ಗುಂಡಿ ತುಂಬ ಹಸಿರು ನೀರು. ಫೋಟೋಕ್ಕೆ ಭಾರೀ ಚೆಂದ. ಆದರೆ ಈ ಕಡೆಯ ಕೆಲವು ಗುಂಡಿಗಳು ಸಮುದ್ರಮಟ್ಟಕ್ಕಿಂತ ಕೆಳಗೆ ಹೋಗಿವೆ. ಅಷ್ಟು ಆಳ ಅಗೆಯಬೇಕಾದರೆ ಒಸರುವ ನೀರನ್ನು ಪಂಪು ಹಚ್ಚಿ ಹೊರಗೆ ಚೆಲ್ಲಲೇಬೇಕು. ಹಾಗೆ ಚೆಲ್ಲಿದ್ದು ಅಕ್ಕಪಕ್ಕದ ಊರಿನ ಬಾವಿಗಳ ನೀರು.

ಗಣಿ ಪಟ್ಟಾ ಕೊಟ್ಟಿದ್ದು ಪೋರ್ಚುಗೀಸರ ಕಾಲದಲ್ಲಿ. ಎರಡನೇ ಮಹಾಯುದ್ಧ ಮುಗಿದು ಜಪಾನ್ ಉಕ್ಕಿನ ಕಾರ್ಖಾನೆಗಳನ್ನು ಮತ್ತೆ ಕಟ್ಟಿಕೊಳ್ಳುವಾಗ ಇಲ್ಲಿಂದ ಅದಿರು ಹೋಯಿತು. ಆಮೇಲೆ ಚೀನಾ ಬಂತು, ಯಾರೂ ಮುಟ್ಟದ ಕಡಿಮೆ ದರ್ಜೆಯ ಪುಡಿ ಅದಿರಿಗೂ ರೇಟು ಬಂತು. 2010-11ರಲ್ಲಿ ಗೋವಾದಿಂದ ಹಡಗು ಹತ್ತಿದ್ದು 5 ಕೋಟಿ ಟನ್‌ಗಿಂತ ಜಾಸ್ತಿ. ಗಣಿಯಿಂದ ಜೆಟ್ಟಿಗೆ ಟಿಪ್ಪರ್, ಜೆಟ್ಟಿಯಿಂದ ಮುರ್ಮುಗೋವಾ ಬಂದರಿಗೆ ಬಾರ್ಜು ಅನ್ನುವ ಚಪ್ಪಟೆ ತಳದ ಸರಕು ದೋಣಿ. ಮಳೆಗಾಲದಲ್ಲಿ ಅಗುವಾಡ ಕೋಟೆಯ ಹತ್ತಿರ ಮಾಂಡೋವಿಯ ಬಾಯಿಗೆ ಮರಳ ದಿಬ್ಬ ಅಡ್ಡ ಬರುತ್ತದೆ, ಆಗ ಬಾರ್ಜುಗಳು ಕುಂಬಾರ್ಜುವಾ ಕಾಲುವೆ ಹಿಡಿದು ಜುವಾರಿ ನದಿಗೆ ಇಳಿಯುತ್ತವೆ. ಮೊಸಳೆ ನೋಡಲು ಟೂರಿಸ್ಟರನ್ನು ದೋಣಿಯಲ್ಲಿ ಕರೆದೊಯ್ಯುತ್ತಾರಲ್ಲ, ಅದೇ ಕಾಲುವೆ.

2012ರಲ್ಲಿ ಅಕ್ರಮ ಗಣಿಗಾರಿಕೆಯ ತನಿಖೆ ಮಾಡಿದ ಶಾ ಆಯೋಗದ ವರದಿ ಬಂದ ಮೇಲೆ ಎಲ್ಲ ನಿಂತಿತು. 2014ರಲ್ಲಿ ಸುಪ್ರೀಂ ಕೋರ್ಟು ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿ ಮತ್ತೆ ಅಗೆಯಲು ಬಿಟ್ಟಿತು, 2018ರಲ್ಲಿ 88 ಗುತ್ತಿಗೆಗಳನ್ನು ರದ್ದು ಮಾಡಿತು. ಸಾಂಖಳಿ ಹತ್ತಿರ ಚಹಾ ಅಂಗಡಿ ಇಟ್ಟಿರುವ ಹುನಗುಂದ ಕಡೆಯ ಒಬ್ಬರು ಆಗ ಟಿಪ್ಪರ್ ಓಡಿಸುತ್ತಿದ್ದವರು. ನಮ್ಮ ಹೆಲ್ಮೆಟ್ಟು, ಬಿಗಿ ಚಡ್ಡಿ ನೋಡಿ, "ಏನ್ ನೋಡಾಕ ಬಂದೀರಿ ಅಣ್ಣಾರ, ಇಲ್ಲೇನೈತಿ ಮಣ್ಣ ಬಿಟ್ರ?" ಅಂತ ನಕ್ಕರು. ದಿನಕ್ಕೆ ಎಷ್ಟು ಟ್ರಿಪ್ಪೋ ಅಷ್ಟು ದುಡ್ಡು, ಅದಕ್ಕೇ ಎಲ್ಲರೂ ಹಾರಿಸಿಕೊಂಡು ಹೋಗುತ್ತಿದ್ದರಂತೆ. "ಈ ರೋಡಿನ್ಯಾಗ ಸೈಕಲ್ ತುಳಿಯೋದ್ ಕನಸ ಆಗಿತ್ತ್ರಿ." ಬಂದ್ ಆದಾಗ ನಮ್ಮ ಕಡೆಯವರು ಎಷ್ಟೋ ಜನ ಗಂಟುಮೂಟೆ ಕಟ್ಟಿದರು. ಇವರು ಉಳಿದರು, ಮಿರ್ಚಿ ಭಜಿ ಚೆನ್ನಾಗಿ ಮಾಡುತ್ತಾರೆ.

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ಗೆಳೆಯನೊಬ್ಬ ಅಲ್ಲಿನ ಫೋಟೋ ಕಳಿಸುತ್ತಿರುತ್ತಾನೆ. ನಮ್ಮ ಕೆಜಿಎಫ್‌ಗೆ ಜಾನ್ ಟೇಲರ್ ಕಂಪನಿ ಗಣಿ ಕೆಲಸದವರನ್ನು ಕರೆತಂದದ್ದು ಆ ಸೀಮೆಯಿಂದಲೇ. ಅಲ್ಲಿ ಪೋರ್ಟ್‌ರೀತ್‌ನಿಂದ ಡೆವೊರಾನ್‌ವರೆಗೆ ಸುಮಾರು 18 ಕಿಲೋಮೀಟರ್, ಕುದುರೆಗಳು ತಾಮ್ರದ ಅದಿರು ಎಳೆಯುತ್ತಿದ್ದ ಹಳಿಗಳ ಜಾಡಿನಲ್ಲೇ ನಡೆಯುವವರಿಗೆ, ಸೈಕಲ್‌ನವರಿಗೆ ದಾರಿ ಮಾಡಿದ್ದಾರೆ. 2006ರಲ್ಲಿ ಆ ಗಣಿ ಸೀಮೆಗೆ ಯುನೆಸ್ಕೋ ಪಟ್ಟಿಯಲ್ಲಿ ಜಾಗವೂ ಸಿಕ್ಕಿತು. ಇಲ್ಲೂ ಹಾಗೆ ಮಾಡಬಾರದಾ ಅಂತ ನನಗೂ ಆಸೆ. ಟಿಪ್ಪರ್ ಓಡಿದ ಅಗಲ ರಸ್ತೆಗಳಿವೆ, ಜೆಟ್ಟಿಗಳಿವೆ, ಹರವಳೆಯ ಜಲಪಾತ, ಗುಹೆಗಳು ಪಕ್ಕದಲ್ಲೇ ಇವೆ.

ಆದರೆ ಅಲ್ಲಿ ಗಣಿ ಸತ್ತು ಎಷ್ಟೋ ಕಾಲವಾದ ಜಾಡು ಅದು. ಸತ್ತ ಗಣಿಯೂ ಸುಮ್ಮನಿರಲಿಲ್ಲ, 1992ರಲ್ಲಿ ವೀಲ್ ಜೇನ್ ಅನ್ನುವ ಮುಚ್ಚಿದ ಗಣಿಯ ನೀರು ಉಕ್ಕಿ ಕಾರ್ನನ್ ನದಿ ಪೂರಾ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಇಲ್ಲಂತೂ 2022ರ ಕೊನೆಯಲ್ಲಿ ಗಣಿಗಳು ಹೊಸದಾಗಿ ಹರಾಜಾಗಿವೆ. ಮಳೆ ಬಂದರೆ ಡಂಪಿನ ಕೆಸರು ಈಗಲೂ ಗದ್ದೆಗೆ ಇಳಿಯುತ್ತದೆ. ಮೊದಲು ಬಾವಿಗೆ ನೀರು, ಗದ್ದೆಗೆ ರಕ್ಷಣೆ, ಆಮೇಲೆ ನಮ್ಮ ಸೈಕಲ್ ದಾರಿ. ಈ ಲೆಕ್ಕ ತಿರುಗಾಮುರುಗಾ ಆದರೆ ಊರವರು ಒಪ್ಪುವುದಿಲ್ಲ, ಒಪ್ಪಲೂಬಾರದು.

ಬರುವವರು ನವೆಂಬರ್ ಮೇಲೆ, ಭಾನುವಾರ ಬೆಳಿಗ್ಗೆ ಹೊರಡಿ. ಅಗಲ ಟೈರಿನ ಸೈಕಲ್ ಇರಲಿ. ಬೇಲಿ ದಾಟಿ ಗುಂಡಿ ಹತ್ತಿರ ಸೆಲ್ಫಿಗೆ ಹೋಗಬೇಡಿ, ದಡ ಸಡಿಲ. ಬಿಳಿ ಅಂಗಿ ಮಾತ್ರ ಹಾಕಿಕೊಂಡು ಬರಬೇಡಿ ಮಾರಾಯ್ರೆ.