ಕಂಬದೊಳಗಿನ ಮ್ಯಾಗ್ನಸ್

ಇವತ್ತು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಕಿರ್ಕ್‌ವಾಲ್‌ನಲ್ಲಿ ಎಂಥಾ ಗಾಳಿ ಅಂತೀರಿ! ಕೊಡೆ ಮಡಚಿಕೊಂಡು ಸೀದಾ ಸೇಂಟ್ ಮ್ಯಾಗ್ನಸ್ ಕೆಥೆಡ್ರಲ್ ಒಳಗೆ ನುಗ್ಗಿದೆ.

ಕೆಂಪು ಮರಳುಗಲ್ಲಿನ ದಪ್ಪ ದುಂಡು ಕಂಬಗಳು. 1137ರಲ್ಲಿ ಶುರುವಾದ ಕೆಲಸ. ಆಗ ಆರ್ಕ್ನಿ ಸ್ಕಾಟ್ಲೆಂಡಿನದಲ್ಲ, ನಾರ್ವೆಯದು. (1468ರಲ್ಲಿ ನಾರ್ವೆಯ ರಾಜ ಮಗಳ ವರದಕ್ಷಿಣೆಗೆ ಇದನ್ನು ಸ್ಕಾಟ್ಲೆಂಡಿಗೆ ಅಡ ಇಟ್ಟ. ಬಿಡಿಸಿಕೊಳ್ಳಲೇ ಇಲ್ಲ!)

ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಒಂದು ಕಂಬ ತೋರಿಸಿದೆ.
"ಇದರೊಳಗೆ ಒಬ್ಬ ಇದ್ದಾನಮ್ಮ."
"ಯಾರು, ನರಸಿಂಹನಾ?"

ಅಲ್ಲ, ಮ್ಯಾಗ್ನಸ್, ಹಿಂದೆ ಆರ್ಕ್ನಿ ಆಳುತ್ತಿದ್ದವನು. ಆಳ್ವಿಕೆಯ ಜಗಳದಲ್ಲಿ ದಾಯಾದಿ ಹಾಕೊನ್ ಕೊಲ್ಲಿಸಿದ. ಆಮೇಲೆ ಸೋದರಳಿಯ ರೋಗ್ನ್‌ವಾಲ್ಡ್ ಅವನ ಹೆಸರಲ್ಲಿ ಇಷ್ಟು ದೊಡ್ಡದು ಕಟ್ಟಿಸಿದ. 1919ರಲ್ಲಿ ರಿಪೇರಿ ಮಾಡುವಾಗ ಈ ಕಂಬದೊಳಗೆ ಮರದ ಪೆಟ್ಟಿಗೆ ಸಿಕ್ಕಿತು. ಎಲುಬು, ತಲೆಬುರುಡೆ. ಬುರುಡೆಯಲ್ಲಿ ಏಟು ಬಿದ್ದ ಸೀಳು, ಹಳೇ ಕತೆಯಲ್ಲಿ ಹೇಳಿದ ಹಾಗೇ. ಮತ್ತೆ ಕಂಬದೊಳಗೇ ಇಟ್ಟರು.

ಕತೆಯ ಪ್ರಕಾರ ಕೊಡಲಿ ಬೀಸಿದ್ದು ಹಾಕೊನನ ಅಡುಗೆಯವನು. ಬೇರೆಯವರು ಒಲ್ಲೆ ಅಂದಿದ್ದಕ್ಕೆ ಅವನ ಕೈಗೆ ಬಂತು. ಅಳುತ್ತಲೇ ಹೊಡೆದನಂತೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಪಾಪ, ಅವನು ಆ ರಾತ್ರಿ ಅಡುಗೆ ಹೇಗೆ ಮಾಡಿದನೋ" ಅಂದಳು.

ಕಂಬ ನೋಡೋಕೆ ಬಂದವನು ಆಗಿನಿಂದ ಆ ಅಡುಗೆಯವನನ್ನೇ ನೆನೆಸ್ಕೊಂಡು ಕೂತಿದೀನಿ. ಮಳೆ ಇನ್ನೂ ನಿಂತಿಲ್ಲ.